ಹೋಲ್ಡನ್‌ನ ಕಥೆ ಓದುತ್ತಿರುವ ನಿನಗೆ

ನೀನು ‘ದಿ ಕ್ಯಾಚರ್ ಇನ್ ದ ರೈ’ ಓದುತ್ತಿದ್ದೀಯ ಎಂದು ತಿಳಿದು ಸಂತೋಷವಾಯಿತು, ಜೊತೆಗೆ ಒಂದಿಷ್ಟು ಆತಂಕವೂ ಆಯಿತು. ಹದಿಹರೆಯದ ತಳಮಳವನ್ನು ಅಷ್ಟು ಹತ್ತಿರದಿಂದ ಕೇಳಿಸುವ ಪುಸ್ತಕಗಳು ಕಡಿಮೆ, ಅದಕ್ಕೇ ಸಂತೋಷ. ಆದರೆ ಕೊನೆಯ ಪುಟದವರೆಗೆ ಹೋಗಿಯೂ ಅದನ್ನು ಅರ್ಧವೇ ಓದಿದವರು ಬಹಳ ಮಂದಿ. ಮಕ್ಕಳಿಗೆ ಕಥೆ ಕಾದಂಬರಿ ಪಾಠ ಹೇಳಿಕೊಂಡೇ ತಲೆ ಹಣ್ಣಾದ ನನಗೆ ಅದು ಚೆನ್ನಾಗಿ ಗೊತ್ತು. ಅವರಿಗೆಲ್ಲ ಕಾಣುವುದು ಸಿಟ್ಟಿನ ಹೋಲ್ಡನ್ ಮಾತ್ರ. ದೊಡ್ಡವರೆಲ್ಲ ಸೋಗಿನವರು, ಶಾಲೆ ಒಂದು ನಾಟಕ, ಸಿನಿಮಾ ಸುಳ್ಳು, ಚಪ್ಪಾಳೆಯೂ ಸುಳ್ಳು ಎನ್ನುವ ಹುಡುಗ. ಅವನ ಸಿಟ್ಟು ನಮ್ಮ ಸಿಟ್ಟಿನ ಹಾಗೇ ಇದೆಯಲ್ಲ ಎಂದು ಹಿಗ್ಗಿ ಪುಸ್ತಕ ಮುಚ್ಚುತ್ತಾರೆ. ಆ ಸಿಟ್ಟಿನ ಅಡಿಯಲ್ಲಿ ಏನಿದೆ ಎಂದು ನೋಡದೆ ನೀನು ಪುಸ್ತಕ ಮುಚ್ಚಬಾರದು ಎಂಬ ಆಸೆಯಿಂದ ಇಷ್ಟನ್ನು ಬರೆಯುತ್ತಿದ್ದೇನೆ.

ಕಥೆ ನಿನಗೆ ಗೊತ್ತೇ ಇದೆ. ಪೆನ್ಸಿಲ್ವೇನಿಯಾದ ಪೆನ್ಸಿ ಎಂಬ ವಸತಿ ಶಾಲೆ. ಹದಿನಾರರ ಹೋಲ್ಡನ್ ಕಾಲ್‌ಫೀಲ್ಡ್ ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದ ನಾಲ್ಕು ವಿಷಯಗಳಲ್ಲಿ ನಪಾಸಾಗಿ ಶಾಲೆಯಿಂದ ಹೊರಬಿದ್ದಿದ್ದಾನೆ. ಕ್ರಿಸ್‌ಮಸ್ ರಜೆಗೆ ಇನ್ನೂ ಕೆಲವು ದಿನ ಇರುವಾಗಲೇ ಒಂದು ಶನಿವಾರ ರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ನ್ಯೂಯಾರ್ಕ್ ರೈಲು ಹತ್ತುತ್ತಾನೆ. ಮನೆ ಅದೇ ಊರಿನಲ್ಲಿದೆ, ಆದರೂ ಮನೆಗೆ ಹೋಗುವುದಿಲ್ಲ. ಸೋಮವಾರದವರೆಗೆ ಹೋಟೆಲು, ಬಾರು, ಪಾರ್ಕು, ರೈಲು ನಿಲ್ದಾಣದ ಬೆಂಚು ಎಂದು ಅಲೆಯುತ್ತಾನೆ. ಸೆಂಟ್ರಲ್ ಪಾರ್ಕಿನ ಕೊಳ ಚಳಿಗೆ ಹೆಪ್ಪುಗಟ್ಟಿದಾಗ ಅಲ್ಲಿನ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಟ್ಯಾಕ್ಸಿ ಚಾಲಕರನ್ನು ಕೇಳುತ್ತಾನೆ. ಅವನು ವಿಚಾರಿಸುತ್ತಿರುವುದು ಯಾರ ಬಗ್ಗೆ ಎಂದು ನಿನಗೆ ಆಗಲೇ ಹೊಳೆದಿರುತ್ತದೆ.

ಈಗ ಆಲಿಯ ಪುಟಗಳನ್ನು ಮತ್ತೆ ತೆಗೆ. ಆಲಿ ಹೋಲ್ಡನ್‌ಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ. 1946ರ ಜುಲೈ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಉಳಿದೆಲ್ಲವನ್ನೂ ಉತ್ಪ್ರೇಕ್ಷೆ ಮಾಡಿ ಹೇಳುವ ಹೋಲ್ಡನ್, ತಮ್ಮನ ವಿಷಯ ಬಂದಾಗ ಮಾತ್ರ ತಾರೀಖು ಹೇಳುತ್ತಾನೆ, ಕೂದಲಿನ ಕೆಂಪು ಹೇಳುತ್ತಾನೆ, ಬೇಸ್‌ಬಾಲ್ ಕೈಗವಸಿನ ತುಂಬ ಆಲಿ ಹಸಿರು ಶಾಯಿಯಲ್ಲಿ ಬರೆದುಕೊಂಡಿದ್ದ ಕವಿತೆಗಳ ಬಗ್ಗೆ ಹೇಳುತ್ತಾನೆ. ಮೈದಾನದಲ್ಲಿ ಸುಮ್ಮನೆ ನಿಂತಿರಬೇಕಾದಾಗ ಓದಿಕೊಳ್ಳಲೆಂದು ಬರೆದುಕೊಂಡ ಕವಿತೆಗಳು. ತಮ್ಮ ಸತ್ತ ರಾತ್ರಿ ಹದಿಮೂರರ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿದ, ಬರಿಗೈಯಿಂದ ಅಲ್ಲಿನ ಕಿಟಕಿ ಗಾಜುಗಳನ್ನೆಲ್ಲ ಒಡೆದುಹಾಕಿದ. ಕೈ ಮುರಿಯಿತು. ಆಸ್ಪತ್ರೆಯಲ್ಲಿದ್ದ ಕಾರಣ ತಮ್ಮನ ಮಣ್ಣಿಗೂ ಹೋಗಲಾಗಲಿಲ್ಲ. ಆ ಕೈಯ ಮುಷ್ಟಿ ಈಗಲೂ ಸರಿಯಾಗಿ ಮುಚ್ಚುವುದಿಲ್ಲ.

ಆ ಮುಷ್ಟಿಯನ್ನು ಕಣ್ಣೆದುರು ಇಟ್ಟುಕೊಂಡು ಕಾದಂಬರಿಯನ್ನು ಮೊದಲಿನಿಂದ ಓದಿ ನೋಡು. ಅದಾಗಿ ಮೂರು ವರ್ಷ ಕಳೆದಿವೆ. ದೊಡ್ಡವರೊಬ್ಬರು ಈ ಹುಡುಗನ ಪಕ್ಕದಲ್ಲಿ ಕೂತು ಆಲಿಯ ಬಗ್ಗೆ ಮಾತಾಡಿದ ಒಂದು ದೃಶ್ಯವೂ ಪುಸ್ತಕದಲ್ಲಿಲ್ಲ. ಗಾಜು ಒಡೆದದ್ದಕ್ಕೆ ಮನೋವಿಶ್ಲೇಷಣೆ ಮಾಡಿಸಬೇಕೆಂದು ಮನೆಯಲ್ಲಿ ಮಾತಾಯಿತು, ಶಾಲೆ ಬದಲಾಯಿತು, ಮತ್ತೊಂದು ಶಾಲೆಯೂ ಬದಲಾಯಿತು. ಒಳಗೇ ಉಳಿದ ದುಃಖ ಜಗತ್ತಿನ ಮೇಲಿನ ಅಸಹ್ಯವಾಗಿ ಹೊರಗೆ ಬರುತ್ತಿದೆ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗಾಯಕ ಜಾನ್ ಲೆನನ್‌ರನ್ನು ಗುಂಡಿಟ್ಟು ಕೊಂದವನ ಬಳಿ ಇದೇ ಪುಸ್ತಕವಿತ್ತು. ಜಗತ್ತು ಸೋಗಿನದು ಎಂಬುದಷ್ಟೇ ಅವನಿಗೆ ಕೇಳಿಸಿತ್ತು. ಅರ್ಧ ಓದುವುದರ ಅಪಾಯ ಎಂದು ನಾನು ಹೇಳುವಾಗ ಅದು ನನ್ನ ಮನಸ್ಸಿನಲ್ಲಿರುತ್ತದೆ.

ಬರೆದವರ ಬಗ್ಗೆಯೂ ಒಂದು ಮಾತು. 1919ರಲ್ಲಿ ಮ್ಯಾನ್‌ಹಟನ್‌ನಲ್ಲಿ ಹುಟ್ಟಿದ ಜೆ. ಡಿ. ಸ್ಯಾಲಿಂಜರ್ 1944ರ ಜೂನ್ 6ರಂದು ನಾರ್ಮಂಡಿಯ ಕಡಲ ದಂಡೆಯಲ್ಲಿ ಇಳಿದ ಸೈನಿಕರಲ್ಲಿ ಒಬ್ಬರು. ಹೋಲ್ಡನ್‌ನ ಕಥೆಯ ಕೆಲವು ಭಾಗಗಳು ಆ ಹೊತ್ತಿಗೇ ಅವರ ಬಳಿ ಇದ್ದವು. ಹರ್ಟ್‌ಗನ್ ಕಾಡಿನ ಕಾಳಗವನ್ನೂ ನಾಜಿಗಳ ಸೆರೆ ಶಿಬಿರವನ್ನೂ ಕಂಡು, 1945ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮನಸ್ಸು ಕುಸಿದು ಆಸ್ಪತ್ರೆ ಸೇರಿದರು. ಕಾದಂಬರಿ ಪ್ರಕಟವಾದದ್ದು 1951ರಲ್ಲಿ. ಮುಂದೆ ಅವರು ನ್ಯೂಯಾರ್ಕಿನಲ್ಲಿ ಸ್ವಾಮಿ ನಿಖಿಲಾನಂದರ ವೇದಾಂತ ಕೇಂದ್ರಕ್ಕೆ ನಡೆದುಕೊಂಡರು. ಕಂಡ ಸಾವುಗಳನ್ನೆಲ್ಲ ಹೊತ್ತುಕೊಂಡು ಊರಿಗೆ ಮರಳಿದ ಮನುಷ್ಯ, ತಮ್ಮನನ್ನು ಕಳೆದುಕೊಂಡ ಒಬ್ಬ ಹುಡುಗನ ಬಾಯಲ್ಲಿ ಮಾತಾಡಿದ್ದಾರೆ ಎಂದೇ ನಾನು ಆ ಪುಸ್ತಕವನ್ನು ಓದುತ್ತೇನೆ.

‘ನಾನು ಯಾರು’ ಎಂಬ ಪ್ರಶ್ನೆ ನಿನ್ನನ್ನೂ ಕಾಡುತ್ತಿದೆ. ಗೊತ್ತು. ಹೋಲ್ಡನ್ ರೈಲಿನಲ್ಲಿ ಸಹಪಾಠಿಯೊಬ್ಬನ ತಾಯಿಯನ್ನು ಕಂಡಾಗ ತನ್ನ ಹೆಸರು ರುಡಾಲ್ಫ್ ಶ್ಮಿಟ್ ಎನ್ನುತ್ತಾನೆ. ಅದು ಅವನ ಹಾಸ್ಟೆಲಿನ ಜವಾನನ ಹೆಸರು. ನ್ಯೂಯಾರ್ಕಿಗೆ ಬಂದ ಮೇಲೆ ಜಿಮ್ ಸ್ಟೀಲ್ ಆಗುತ್ತಾನೆ. ವಯಸ್ಸನ್ನೂ ಸುಳ್ಳು ಹೇಳುತ್ತಾನೆ. ಆರಡಿ ಮೀರಿದ ಎತ್ತರ, ತಲೆಯ ಒಂದು ಪಕ್ಕ ನರೆತ ಕೂದಲು. ಆದರೆ ಒಮ್ಮೊಮ್ಮೆ ಹನ್ನೆರಡರ ಹುಡುಗನ ಹಾಗೆ ಆಡುತ್ತೇನೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಅವನ ಹತ್ತು ವರ್ಷದ ತಂಗಿ ಫೀಬಿಯೂ ತನ್ನ ನೋಟ್‌ಬುಕ್ಕಿನ ಮೇಲೆ ತನ್ನದಲ್ಲದ ನಡುಹೆಸರು ಹಾಕಿಕೊಂಡಿದ್ದಾಳೆ.

ಹೆಸರು, ವೇಷ, ಮಾತಿನ ಧಾಟಿ ಬದಲಿಸಿ ನೋಡುವುದು ತಪ್ಪಲ್ಲ. ಆ ವಯಸ್ಸಿಗೆ ಅದು ಬೇಕು. ಈ ಪುಸ್ತಕ ಬಂದ ಹಿಂದಿನ ವರ್ಷ, 1950ರಲ್ಲಿ, ಎರಿಕ್ ಎರಿಕ್‌ಸನ್ ಎಂಬ ಮನೋವಿಜ್ಞಾನಿ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ ಎಂಬ ಗ್ರಂಥ ಪ್ರಕಟಿಸಿದರು. ಹದಿಹರೆಯದ ಮುಖ್ಯ ಕೆಲಸವೇ ತಾನು ಯಾರೆಂದು ಕಂಡುಕೊಳ್ಳುವುದು ಎಂದು ವಾದಿಸಿದವರು ಅವರು. ಅವರಿಗೆ ಹೆತ್ತ ತಂದೆ ಯಾರೆಂದೇ ತಿಳಿದಿರಲಿಲ್ಲ. ಮಲತಂದೆಯ ಯಹೂದಿ ಮನೆಯಲ್ಲಿ ಬೆಳೆದ, ನೀಲಿಗಣ್ಣಿನ, ಎತ್ತರದ ಹುಡುಗ. ಪ್ರಾರ್ಥನಾ ಮಂದಿರದಲ್ಲಿ ನೀನು ಹೊರಗಿನವನು ಎಂದು ಛೇಡಿಸಿದರು, ಶಾಲೆಯಲ್ಲಿ ನೀನು ಯಹೂದಿ ಎಂದು ಛೇಡಿಸಿದರು. ಅಮೆರಿಕದ ಪ್ರಜೆಯಾದಾಗ ತಮಗೆ ತಾವೇ ಎರಿಕ್‌ಸನ್ ಎಂಬ ಕುಲನಾಮ ಇಟ್ಟುಕೊಂಡರು. ಹಾಗಾಗಿ ನೀನು ಇನ್‌ಸ್ಟಾಗ್ರಾಂನಲ್ಲಿ ಇನ್ನೊಂದು ಹೆಸರಿನಲ್ಲಿ ಕವಿತೆ ಹಾಕಿದರೆ ನಾನು ಗಾಬರಿಯಾಗುವುದಿಲ್ಲ. ಒಂದನ್ನು ಮಾತ್ರ ಗಮನಿಸಿಕೋ. ಫೀಬಿ ಹೊಸ ಹೆಸರನ್ನು ಎಲ್ಲರಿಗೂ ಕಾಣುವಂತೆ ಬರೆದುಕೊಳ್ಳುತ್ತಾಳೆ. ಹೋಲ್ಡನ್ ಹೊಸ ಹೆಸರಿನ ಹಿಂದೆ ಅಡಗಿಕೊಳ್ಳುತ್ತಾನೆ, ಪ್ರತಿ ಸಲ ಅಡಗಿದಾಗಲೂ ಒಂಟಿತನ ಇನ್ನಷ್ಟು ಹೆಚ್ಚುತ್ತದೆ. ಕೊನೆಗೆ ಫಿಫ್ತ್ ಅವೆನ್ಯೂನಲ್ಲಿ ಒಂದೊಂದು ಬೀದಿ ದಾಟುವಾಗಲೂ ತಾನು ಕಾಣೆಯಾಗಿಬಿಡುತ್ತೇನೆ ಅನ್ನಿಸಿ, ಸತ್ತ ತಮ್ಮನನ್ನು ಕಾಪಾಡು ಎಂದು ಬೇಡಿಕೊಳ್ಳುವ ಸ್ಥಿತಿಗೆ ಬರುತ್ತಾನೆ.

ಪುಸ್ತಕದ ಹೃದಯ ಇರುವುದು ಫೀಬಿಯ ಕೋಣೆಯಲ್ಲಿ. ಅಪ್ಪ ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ ಅವನು ಕಳ್ಳನ ಹಾಗೆ ತನ್ನ ಮನೆಗೇ ನುಗ್ಗುತ್ತಾನೆ. ಅಣ್ಣ ಮತ್ತೆ ಶಾಲೆ ಕಳೆದುಕೊಂಡ ಎಂದು ತಂಗಿಗೆ ಕೂಡಲೇ ಅರ್ಥವಾಗುತ್ತದೆ, ಸಿಟ್ಟು ಬರುತ್ತದೆ. ನಿನಗೆ ಯಾವುದೂ ಹಿಡಿಸುವುದಿಲ್ಲ ಎಂದು ಮುಖದ ಮೇಲೆ ಹೇಳುತ್ತಾಳೆ. ಹಿಡಿಸುವ ಒಂದೇ ಒಂದನ್ನಾದರೂ ಹೇಳು ಎಂದು ಸವಾಲು ಹಾಕುತ್ತಾಳೆ. ಇಷ್ಟವಿಲ್ಲದ್ದರ ಬಗ್ಗೆ ಪುಟಗಟ್ಟಲೆ ಮಾತಾಡಿದ ಹುಡುಗ ಅಲ್ಲಿ ತಡವರಿಸುತ್ತಾನೆ. ಬೆಳಗ್ಗೆ ಉಪಾಹಾರದ ಹೊತ್ತಿಗೆ ಸಿಕ್ಕ ಇಬ್ಬರು ಸನ್ಯಾಸಿನಿಯರು ನೆನಪಾಗುತ್ತಾರೆ. ಆಡಿದ ಮಾತನ್ನು ಹಿಂತೆಗೆದುಕೊಳ್ಳದೆ, ಪುಂಡರ ಹಿಂಸೆಗೆ ಸಿಕ್ಕಿ ಕಿಟಕಿಯಿಂದ ಹಾರಿದ ಜೇಮ್ಸ್ ಕ್ಯಾಸಲ್ ಎಂಬ ಹಳೆಯ ಸಹಪಾಠಿ ನೆನಪಾಗುತ್ತಾನೆ. ಸಾಯುವಾಗ ಆ ಹುಡುಗನ ಮೈಮೇಲಿದ್ದದ್ದು ಹೋಲ್ಡನ್ ಕೊಟ್ಟಿದ್ದ ಸ್ವೆಟರ್. ಕೊನೆಗೆ ಬಾಯಿಗೆ ಬರುವ ಉತ್ತರ ಆಲಿ.

ಆ ಉತ್ತರದಲ್ಲಿ ಹೋಲ್ಡನ್ ಯಾರು ಎಂಬುದು ಇದೆ. ಎರಡು ದಿನ ಊರೆಲ್ಲ ಅಲೆದು ಸಿಗದಿದ್ದದ್ದು ತಂಗಿಯ ಒಂದು ಪ್ರಶ್ನೆಗೆ ಸಿಕ್ಕಿತು. ಅವನ ಮನಸ್ಸಿಗೆ ಬಂದ ಎಲ್ಲರೂ ಒಂದೇ ಬಗೆಯವರು ಎಂಬುದನ್ನು ಗಮನಿಸು. ಹಣವಿಲ್ಲದ ಸನ್ಯಾಸಿನಿಯರು, ಮಾತಿಗೆ ನಿಂತ ಹುಡುಗ, ಕವಿತೆ ಬರೆದುಕೊಂಡ ತಮ್ಮ. ಮೃದುವಾದವರನ್ನು ಜಗತ್ತು ತುಳಿಯುವುದನ್ನು ಸಹಿಸಲಾಗದವನು ಅವನು. ಹೊಲದಂಚಿನ ಪ್ರಪಾತಕ್ಕೆ ಬೀಳುವ ಮಕ್ಕಳನ್ನು ಹಿಡಿದುಕೊಳ್ಳುವ ಕೆಲಸ ತನಗೆ ಬೇಕು ಎಂದು ಅವನು ಕಾಣುವ ಕನಸು ಅಲ್ಲಿಂದಲೇ ಬಂದದ್ದು. ನಿನ್ನ ವಯಸ್ಸಿನವರು ತಮ್ಮ ಪರಿಚಯ ಹೇಳಿಕೊಳ್ಳುವಾಗ ನಾನು ಕೇಳಿಸಿಕೊಂಡಿದ್ದೇನೆ. ನಾನು ಅಂಥವನಲ್ಲ, ನನಗೆ ಇವರು ಆಗುವುದಿಲ್ಲ, ಆ ಹಾಡು ಆಗುವುದಿಲ್ಲ, ಮದುವೆ ಮನೆಯ ನೆಂಟರು ಆಗುವುದಿಲ್ಲ. ಇವೆಲ್ಲ ನಿಜವಿರಬಹುದು. ಆದರೆ ಬೇಡದ್ದರ ಪಟ್ಟಿ ಎಷ್ಟೇ ಉದ್ದವಾದರೂ ಅದರೊಳಗೆ ನೀನು ಸಿಗುವುದಿಲ್ಲ. ಯಾರು ಅತ್ತರೆ ನಿನಗೆ ಸಹಿಸಲಾಗುವುದಿಲ್ಲ? ಯಾವುದನ್ನು ಯಾರೂ ನೋಡದಿದ್ದರೂ ಮಾಡುತ್ತೀಯ? ಏನು ಕಳೆದುಹೋದರೆ ಗಾಜು ಒಡೆಯುವಷ್ಟು ನೋವಾಗುತ್ತದೆ? ಇವನ್ನು ಕೇಳಿಕೋ. ಉತ್ತರ ತಕ್ಷಣ ಬರದಿದ್ದರೆ ಹೆದರಬೇಡ, ಹೋಲ್ಡನ್‌ಗೂ ತಕ್ಷಣ ಬರಲಿಲ್ಲ.

ಅವನು ಊರಿಗೆ ಬಂದು ಇಳಿದ ಕೂಡಲೇ ಮಾಡುವ ಕೆಲಸ ನೆನಪಿದೆಯೇ? ಪೆನ್ ಸ್ಟೇಷನ್ನಿನ ಟೆಲಿಫೋನ್ ಬೂತಿಗೆ ಹೋಗುತ್ತಾನೆ. ಅಣ್ಣನಿಗೆ ಮಾಡಲೇ, ತಂಗಿಗೆ ಮಾಡಲೇ, ಗೆಳತಿ ಜೇನ್‌ಳ ತಾಯಿಗೆ ಮಾಡಲೇ, ಇನ್ನೊಬ್ಬ ಗೆಳತಿ ಸ್ಯಾಲಿಗೆ ಮಾಡಲೇ ಎಂದು ಒಬ್ಬೊಬ್ಬರನ್ನೂ ನೆನೆದು, ಒಂದೊಂದು ಕಾರಣ ಕೊಟ್ಟುಕೊಂಡು ತಳ್ಳಿಹಾಕುತ್ತಾನೆ. ಇಪ್ಪತ್ತು ನಿಮಿಷ ಒಳಗಿದ್ದು ಯಾರಿಗೂ ಫೋನ್ ಮಾಡದೆ ಹೊರಗೆ ಬರುತ್ತಾನೆ. ಸಂದೇಶ ಟೈಪ್ ಮಾಡಿ ಅಳಿಸಿ, ಮತ್ತೆ ಟೈಪ್ ಮಾಡಿ ಅಳಿಸಿ, ರಾತ್ರಿ ಎರಡು ಗಂಟೆಗೆ ಫೋನನ್ನು ದಿಂಬಿನ ಕೆಳಗೆ ತಳ್ಳುವ ಎಷ್ಟು ಮಕ್ಕಳು ಈ ಸಾಲು ಓದುತ್ತಿರಬಹುದು! ಅಳಿಸಬೇಡ, ಕಳಿಸು. ಬರೆದದ್ದು ಪೆದ್ದಾಗಿದ್ದರೂ ಕಳಿಸು. ಜೇನ್‌ಗೆ ಫೋನ್ ಮಾಡಬೇಕು ಎಂದು ಅವನು ಕಾದಂಬರಿಯುದ್ದಕ್ಕೂ ಅಂದುಕೊಳ್ಳುತ್ತಲೇ ಇರುತ್ತಾನೆ. ಅವಳೊಡನೆ ಅವನು ಮಾತಾಡುವುದು ನಮಗೆ ಕಾಣಸಿಗುವುದೇ ಇಲ್ಲ. ಆಲಿಯ ಕೈಗವಸನ್ನು ಮನೆಯವರನ್ನು ಬಿಟ್ಟರೆ ಅವನು ತೋರಿಸಿದ್ದು ಅವಳೊಬ್ಬಳಿಗೇ.

ಹಿರಿಯರ ವಿಷಯಕ್ಕೆ ಬರುತ್ತೇನೆ. ಇದು ನನ್ನಂಥವರೂ ಓದಬೇಕಾದ ಭಾಗ. ಶಾಲೆ ಬಿಡುವ ಮುನ್ನ ಹೋಲ್ಡನ್ ಚರಿತ್ರೆಯ ಮೇಷ್ಟ್ರು ಸ್ಪೆನ್ಸರ್ ಅವರ ಮನೆಗೆ ಹೋಗುತ್ತಾನೆ. ಮುದುಕರಿಗೆ ಜ್ವರ. ಅವರಿಗೆ ಹುಡುಗನ ಮೇಲೆ ಮಮತೆ ಇದೆ, ನನಗೆ ಆ ಬಗ್ಗೆ ಅನುಮಾನವಿಲ್ಲ. ಆದರೆ ಅವರು ಮಾಡುವುದೇನು? ಅವನು ನಪಾಸಾದ ಉತ್ತರ ಪತ್ರಿಕೆಯನ್ನು ತೆಗೆದು ಅವನೆದುರೇ ಗಟ್ಟಿಯಾಗಿ ಓದುತ್ತಾರೆ. ಬದುಕು ಒಂದು ಆಟ, ನಿಯಮದಂತೆ ಆಡಬೇಕು ಎಂಬ ಉಪದೇಶ ಬೇರೆ. ಕೇಳಿಸಿಕೊಳ್ಳಲು ಬಂದವನು ತಪ್ಪಿಸಿಕೊಂಡು ಓಡುತ್ತಾನೆ.

ಇನ್ನೊಬ್ಬರು ಹಳೆಯ ಇಂಗ್ಲಿಷ್ ಮೇಷ್ಟ್ರು ಆಂಟೊಲಿನಿ. ಜೇಮ್ಸ್ ಕ್ಯಾಸಲ್‌ನ ಹೆಣದ ಹತ್ತಿರ ಹೋಗಲು ಎಲ್ಲರೂ ಹಿಂಜರಿದಾಗ ಕೋಟು ಹೊದಿಸಿ ಎತ್ತಿಕೊಂಡು ಹೋದವರು ಅವರೇ. ನಡುರಾತ್ರಿ ಬಂದ ಹೋಲ್ಡನ್‌ನನ್ನು ಒಳಗೆ ಕರೆದು ಕೂರಿಸಿ ಮಾತಾಡುತ್ತಾರೆ. ನಿನ್ನ ಹಾಗೆ ನೊಂದು ಗೊಂದಲಪಟ್ಟವರು ಹಿಂದೆಯೂ ಇದ್ದರು, ಅವರಲ್ಲಿ ಕೆಲವರು ಅದನ್ನೆಲ್ಲ ಬರೆದಿಟ್ಟಿದ್ದಾರೆ, ಅವರನ್ನು ಹುಡುಕಿ ಓದು ಎನ್ನುತ್ತಾರೆ. ಓದಿನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನೂ ಹೇಳಲಾರೆ. ಆದರೆ ಅದೇ ರಾತ್ರಿ ಹುಡುಗನಿಗೆ ಎಚ್ಚರವಾದಾಗ ಮೇಷ್ಟ್ರ ಕೈ ಅವನ ತಲೆಯನ್ನು ಸವರುತ್ತಿರುತ್ತದೆ. ಅವನು ಬೆಚ್ಚಿ ಬಟ್ಟೆ ಹಾಕಿಕೊಂಡು ಹೊರಟುಬಿಡುತ್ತಾನೆ. ಅವರ ಉದ್ದೇಶವೇನಿತ್ತು ಎಂದು ಸ್ಯಾಲಿಂಜರ್ ಬಿಡಿಸಿ ಹೇಳುವುದಿಲ್ಲ. ಮರುದಿನ ಹೋಲ್ಡನ್ ತಾನೇ ತಪ್ಪು ತಿಳಿದೆನೇನೋ ಎಂದು ಕೊರಗುತ್ತಾನೆ. ಮಗೂ, ಇಲ್ಲಿ ನಾನು ಸ್ಪಷ್ಟವಾಗಿ ಹೇಳಬೇಕು. ಎದುರಿನವರು ಎಷ್ಟೇ ಗೌರವಸ್ಥರಾಗಿರಲಿ, ಎಷ್ಟೇ ಉಪಕಾರ ಮಾಡಿರಲಿ, ನಿನ್ನ ಮೈ ಮುದುಡಿಕೊಂಡರೆ ಅಲ್ಲಿಂದ ಎದ್ದು ಬಾ. ಅವರ ಉದ್ದೇಶವನ್ನು ಸಾಬೀತು ಮಾಡುವ ಹೊಣೆ ನಿನ್ನದಲ್ಲ. ನಂತರ ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗಬೇಡ, ನಂಬುವ ಇನ್ನೊಬ್ಬ ಹಿರಿಯರಿಗೆ ಹೇಳು. ಯಾರೂ ಇಲ್ಲವೆನ್ನಿಸಿದರೆ 1098ಕ್ಕೆ ಕರೆ ಮಾಡು. ಮಕ್ಕಳಿಗಾಗಿಯೇ ಇರುವ ಸಹಾಯವಾಣಿ ಅದು.

ಅಪ್ಪ ಅಮ್ಮನಿಗೆ ನನ್ನ ಕಷ್ಟ ತಿಳಿಯುವುದಿಲ್ಲ ಎನ್ನುವೆಯಾದರೆ, ಫೀಬಿಯ ಕೋಣೆಯ ದೃಶ್ಯವನ್ನು ಕೊನೆಯವರೆಗೂ ಓದು. ತಾಯಿ ಹೊರಗಿನಿಂದ ಬರುತ್ತಾಳೆ. ಹೋಲ್ಡನ್ ದೀಪ ಆರಿಸಿ ಬಟ್ಟೆ ಬೀರುವಿನಲ್ಲಿ ಅಡಗುತ್ತಾನೆ. ಅಮ್ಮ ಫೀಬಿಯ ಜೊತೆ ಮಾತಾಡುತ್ತಾಳೆ, ತಲೆನೋವು ಎನ್ನುತ್ತಾಳೆ. ಆಲಿ ಹೋದಾಗಿನಿಂದ ಅಮ್ಮನಿಗೆ ಆರೋಗ್ಯ ಸರಿಯಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಮಗನಿಗೆ ಗೊತ್ತು. ಒಂದೇ ಮಗುವಿಗಾಗಿ ಕೊರಗುವ ತಾಯಿ ಮತ್ತು ಅಣ್ಣ, ನಡುವೆ ಒಂದು ಬೀರುವಿನ ಬಾಗಿಲು. ಇಬ್ಬರಲ್ಲಿ ಯಾರಿಗೂ ಅದನ್ನು ತೆರೆಯಲಾಗಲಿಲ್ಲ. ಆ ಪುಟ ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ನಿಮ್ಮ ಮನೆಯಲ್ಲಿ ರೇಗುತ್ತಿರುವ, ಅಂಕದ ಲೆಕ್ಕ ಕೇಳುತ್ತಿರುವ ಆ ಇಬ್ಬರಿಗೂ ಹೇಳಲಾಗದ ಏನೋ ಇದ್ದೀತು. ನೀನು ಒಮ್ಮೆ ಮೊದಲು ಮಾತೆತ್ತಿ ನೋಡು. ಅವರಿಗೆ ಧೈರ್ಯ ಬಂದರೂ ಬರಬಹುದು.

ಒಂಟಿತನವೆಲ್ಲ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ದ ನಾಣಿಯನ್ನು ನೆನೆಸಿಕೋ. ವೇದ ಕಲಿಯಲೆಂದು ಉಡುಪರ ಮನೆಗೆ ಬಂದ ಪುಟ್ಟ ಹುಡುಗ. ದೊಡ್ಡ ಹುಡುಗರ ಹಿಂಸೆಯ ನಡುವೆ ಅವನಿಗೆ ಆಸರೆ ಉಡುಪರ ವಿಧವೆ ಮಗಳು ಯಮುನಕ್ಕ. ಗರ್ಭಿಣಿಯಾದ ಅವಳಿಗೆ ಬದುಕಿರುವಾಗಲೇ ತಿಥಿ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾರೆ. ಊರೆಲ್ಲ ಒಂದು ಕಡೆ, ಏನೂ ಮಾಡಲಾಗದ ನಾಣಿ ಇನ್ನೊಂದು ಕಡೆ. ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ನೋಡಿಲ್ಲದಿದ್ದರೆ ನೋಡು. ಸುತ್ತಲಿನವರು ಮಾಡುತ್ತಿರುವುದು ತಪ್ಪೆಂದು ನಿನಗೆ ಕಂಡು, ಅದಕ್ಕಾಗಿ ನೀನು ಒಂಟಿಯಾಗಿದ್ದರೆ, ನಿನ್ನ ಒಳಗು ಸರಿಯಾಗಿದೆ. ಹಾಸ್ಟೆಲಿನಲ್ಲಿ ಜಾತಿ ಎತ್ತಿ ಆಡಿಕೊಳ್ಳುವಾಗ ನಗಲಾರದೆ ಎದ್ದು ಹೋದ ಹುಡುಗಿಯ ಒಂಟಿತನ ಅಂಥದ್ದು. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಪಿಯುಸಿಯ ಇಂಗ್ಲಿಷ್ ತರಗತಿಯಲ್ಲಿ ಹಿಂದಿನ ಬೆಂಚು ಹಿಡಿದ ಹುಡುಗನ ಮೌನಕ್ಕೂ ಕಾರಣ ಅವನಲ್ಲಿಲ್ಲ. ಅಂಥವರನ್ನು ಹುಡುಕಿ ಪಕ್ಕದಲ್ಲಿ ಕೂತುಕೋ. ಯಮುನಕ್ಕನಿಗೆ ನಾಣಿಯಿಂದ ಅಷ್ಟೇ ಸಾಧ್ಯವಿತ್ತು, ನಾಣಿಗೆ ಯಮುನಕ್ಕನಿಂದಲೂ ಅಷ್ಟೇ.

ನಿದ್ದೆ ಬಾರದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ, ಊಟ ಸೇರದಿದ್ದರೆ, ಇಲ್ಲದಂತಾಗಿಬಿಟ್ಟರೆ ಸಾಕು ಎಂಬ ಯೋಚನೆ ಒಮ್ಮೆ ಬಂದರೂ, ಪುಸ್ತಕವನ್ನು ಪಕ್ಕಕ್ಕಿಟ್ಟು ಮನುಷ್ಯರ ಹತ್ತಿರ ಹೋಗು. 14416 ಎಂಬುದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಹೋಲ್ಡನ್ ತನ್ನ ಕಥೆಯನ್ನು ಎಲ್ಲಿಂದ ಹೇಳುತ್ತಿದ್ದಾನೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಈಗ ಹದಿನೇಳಾಗಿರುವ ಅವನು ಕ್ಯಾಲಿಫೋರ್ನಿಯಾದ ಒಂದು ಚಿಕಿತ್ಸಾ ಕೇಂದ್ರದಲ್ಲಿದ್ದುಕೊಂಡು ಹೇಳುತ್ತಿದ್ದಾನೆ. ಯಾರೋ ಅವನನ್ನು ಅಲ್ಲಿಗೆ ತಲುಪಿಸಿದರು. ಹಾಗಾಗಿಯೇ ನಮಗೆ ಆ ಕಥೆ ಸಿಕ್ಕಿತು.

ಹೋಲ್ಡನ್ ಮುಗಿದ ಮೇಲೆ ‘ದಿ ಔಟ್‌ಸೈಡರ್ಸ್’ ಓದು. ಓಕ್ಲಹೋಮಾದ ಟಲ್ಸಾ ಎಂಬ ಊರಿನ ಹುಡುಗಿ ಎಸ್. ಇ. ಹಿಂಟನ್ ಅದನ್ನು ಬರೆಯಲು ಕೂತಾಗ ಅವಳಿಗೆ ಹದಿನೈದು. 1967ರಲ್ಲಿ ಪ್ರಕಟವಾದಾಗ ಹದಿನೆಂಟು. ತನ್ನ ಶಾಲೆಯ ಹುಡುಗರು ಬಡವರು ಶ್ರೀಮಂತರೆಂದು ಗುಂಪು ಕಟ್ಟಿಕೊಂಡು ಬಡಿದಾಡುವುದನ್ನು ಅವಳು ಕಂಡಿದ್ದಳು, ಅದನ್ನು ಹೇಳುವ ಪುಸ್ತಕ ಅವಳಿಗೆ ಎಲ್ಲೂ ಸಿಗಲಿಲ್ಲ. ಹುಡುಗರ ಕಥೆಯನ್ನು ಹುಡುಗಿ ಬರೆದರೆ ವಿಮರ್ಶಕರು ನಂಬಲಾರರು ಎಂದು ಪ್ರಕಾಶಕರು ಅವಳ ಹೆಸರಿನ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕಿಸಿದರು. ಕಥೆ ಹೇಳುವವನು ಹದಿನಾಲ್ಕರ ಪೋನಿಬಾಯ್. ಅಪ್ಪ ಅಮ್ಮ ಕಾರು ಅಪಘಾತದಲ್ಲಿ ಹೋಗಿದ್ದಾರೆ, ಗೆಳೆಯರು ಕಣ್ಣೆದುರೇ ಸಾಯುತ್ತಾರೆ. ಇಂಗ್ಲಿಷ್ ಮೇಷ್ಟ್ರು ಏನಾದರೂ ಬರೆದುಕೊಂಡು ಬಾ, ಇಲ್ಲದಿದ್ದರೆ ನಪಾಸು ಎನ್ನುತ್ತಾರೆ. ನಾವು ಓದಿ ಮುಗಿಸಿದ ಕಾದಂಬರಿಯೇ ಅವನು ಬರೆದ ಆ ಪ್ರಬಂಧ ಎಂದು ಕೊನೆಯಲ್ಲಿ ತಿಳಿಯುತ್ತದೆ.

ನಮ್ಮ ಪಿಯು ಹಾಸ್ಟೆಲುಗಳು, ನೀಟ್ ಕೋಚಿಂಗಿನ ಬೆಳಗಿನ ಜಾವಗಳು, ಹಾವೇರಿಯಿಂದಲೋ ಯಾದಗಿರಿಯಿಂದಲೋ ಬೆಂಗಳೂರಿಗೆ ಬಂದಿಳಿದ ಮೊದಲ ತಿಂಗಳು, ಇವನ್ನೆಲ್ಲ ಅದೇ ವಯಸ್ಸಿನವರು ಬರೆದದ್ದನ್ನು ಓದಬೇಕೆಂದು ನನಗೆ ಬಹಳ ಆಸೆ. ನಾವು ಹಿರಿಯರು ಬರೆದರೆ ಅದು ನೆನಪಾಗುತ್ತದೆ, ನಿನ್ನದು ಈಗಿನ ಮಾತಾಗುತ್ತದೆ. ಆಲಿಯ ಕೈಗವಸಿನಂಥದ್ದು ನಿನ್ನ ಬಳಿಯೂ ಒಂದಿರುತ್ತದೆ. ಅದರಿಂದ ಶುರುಮಾಡು. ನಿಮ್ಮೂರಿನ ಕನ್ನಡದಲ್ಲೇ ಬರೆ, ಇಂಗ್ಲಿಷ್ ಪದ ಬಂದರೆ ಬರಲಿ. ತೋರಿಸಬೇಕೆನಿಸಿದಾಗ ನನಗೆ ತಂದು ಕೊಡು. ಕಾಗುಣಿತ ತಿದ್ದುವ ಕೆಂಪು ಪೆನ್ನನ್ನು ಕೈಗೆತ್ತಿಕೊಳ್ಳದೆ ಓದುತ್ತೇನೆ.